ಫೋಟೋಕ್ಕೆ ಬೀಳದ ದುರಸ್ತಿ

ಇಂಗ್ಲೆಂಡಿನ ಹಳ್ಳಿ ಎಂದ ಕೂಡಲೇ ನಿಮ್ಮ ಕಣ್ಣಿಗೆ ಬರುವ ಚಿತ್ರ ಬಹುಶಃ ಒಂದೇ. ಜೇನುಬಣ್ಣದ ಕಲ್ಲಿನ ಮನೆಗಳ ಸಾಲು, ಕಡಿದಾದ ಕಲ್ಲುಹಂಚಿನ ಮಾಡು, ತಗ್ಗು ಬಾಗಿಲು, ಎದುರಿಗೆ ತಿಳಿನೀರಿನ ತೊರೆ. ಕ್ಯಾಲೆಂಡರಿನಲ್ಲಿ, ಬಿಸ್ಕತ್ತಿನ ಡಬ್ಬದ ಮೇಲೆ, ಈಗೀಗ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ನೋಡಿರುತ್ತೀರಿ. ಅಂಥ ಚಿತ್ರಗಳಲ್ಲಿ ಹೆಚ್ಚು ಓಡಾಡುವುದು ಗ್ಲೌಸ್ಟರ್‌ಶೈರಿನ ಬೈಬರಿ ಎಂಬ ಊರಿನ ಆರ್ಲಿಂಗ್ಟನ್ ರೋ. ಹೋಗಿಬಂದವರು "ಎಂಥ ನೆಮ್ಮದಿ, ಎಂಥ ಸರಳ ಬದುಕು" ಅನ್ನುತ್ತಾರೆ. ಆ ಮಾತನ್ನು ಇವತ್ತು ಸ್ವಲ್ಪ ಕೆದಕೋಣ. ಆ ಊರುಗಳಲ್ಲಿ ಕಲಿಯುವುದಕ್ಕೆ ಬೇಕಾದಷ್ಟಿದೆ, ಆದರೆ ಅದು ನೆಮ್ಮದಿಯ ಪಾಠವಲ್ಲ.

ಆ ಸಾಲುಮನೆ ಕಟ್ಟಿದ್ದು ಸುಮಾರು 1380ರಲ್ಲಿ, ಅದೂ ಮನೆಯಾಗಿ ಅಲ್ಲ, ಮಠದ ಉಣ್ಣೆಯ ಉಗ್ರಾಣವಾಗಿ. ಹದಿನೇಳನೆಯ ಶತಮಾನದಲ್ಲಿ ಅದಕ್ಕೆ ಅಡ್ಡಗೋಡೆ ಹಾಕಿ ನೇಕಾರರ ಮನೆಗಳನ್ನು ಮಾಡಿದರು. ಎದುರಿಗಿರುವ ಜೌಗು ಹುಲ್ಲುಗಾವಲಿಗೆ ರ‍್ಯಾಕ್ ಐಲ್ ಎಂಬ ಹೆಸರು ಬಂದದ್ದು ಅಲ್ಲಿ ಚೌಕಟ್ಟುಗಳಿಗೆ ಬಟ್ಟೆ ಬಿಗಿದು ಒಣಗಿಸುತ್ತಿದ್ದರಿಂದ. ಅಂದರೆ ನೀವು ಫೋಟೋ ತೆಗೆಯುವುದು ಒಂದು ಹಳೆಯ ಕಾರ್ಖಾನೆಯ ಅಂಗಳವನ್ನು.

ಹಾಗಾದರೆ ಅದು ಉಳಿದದ್ದು ಹೇಗೆ? ಯಾರೋ ಪುಣ್ಯಾತ್ಮರು ಕಾಪಾಡಿದರು ಅಂತ ನಾವು ಅಂದುಕೊಳ್ಳುತ್ತೇವೆ. ಆ ಪುಣ್ಯಾತ್ಮರು ಬಂದದ್ದು ಕೊನೆಗೆ. ಮೊದಲು ಕಾಪಾಡಿದ್ದು ಬಡತನ. ಮಧ್ಯಯುಗದಲ್ಲಿ, ಬೈಬರಿ ಇರುವ ಕಾಟ್ಸ್‌ವಲ್ಡ್ಸ್ ಗುಡ್ಡಗಳ ಉಣ್ಣೆ ಯುರೋಪಿಗೆಲ್ಲ ಹೋಗುತ್ತಿತ್ತು. ಆ ದುಡ್ಡಿನಲ್ಲೇ ನಾರ್ತ್‌ಲೀಚ್, ಚಿಪಿಂಗ್ ಕ್ಯಾಂಪ್ಡನ್ ಊರುಗಳ ದೊಡ್ಡ ಚರ್ಚುಗಳು ಎದ್ದವು. ಆಮೇಲೆ ಕಲ್ಲಿದ್ದಲು ಮತ್ತು ಯಂತ್ರಗಳ ಕಾಲ ಬಂತು, ಬಟ್ಟೆಯ ಉದ್ಯಮ ಉತ್ತರಕ್ಕೆ, ಯಾರ್ಕ್‌ಶೈರಿನ ಕಡೆಗೆ ಸರಿಯಿತು. ಇಲ್ಲಿನವರಿಗೆ ಹಳೆಯ ಮನೆ ಕೆಡವಿ ಹೊಸದು ಕಟ್ಟುವ ಶಕ್ತಿ ಉಳಿಯಲಿಲ್ಲ. ಇದ್ದದ್ದನ್ನೇ ತೇಪೆ ಹಾಕಿಕೊಂಡು ಬದುಕಿದರು. ಕವಿಯೂ ವಿನ್ಯಾಸಕಾರನೂ ಆಗಿದ್ದ ವಿಲಿಯಂ ಮೋರಿಸ್‌ನಂಥವರು ಬಂದು ಆಹಾ ಅಂದದ್ದು, ಆತ 1877ರಲ್ಲಿ ಹಳೆಯ ಕಟ್ಟಡಗಳ ರಕ್ಷಣೆಗೆ ಸಂಘ ಕಟ್ಟಿದ್ದು, ಎಲ್ಲ ಆಮೇಲಿನ ಮಾತು.

ಇಲ್ಲೊಂದು ಅಡ್ಡಕಥೆ ಇದೆ. ಕಾರು ತಯಾರಿಸಿದ ಹೆನ್ರಿ ಫೋರ್ಡ್‌ಗೂ ಈ ಮನೆಗಳ ಹುಚ್ಚು ಹಿಡಿದಿತ್ತು. ಚೆಡ್‌ವರ್ತ್ ಎಂಬ ಹಳ್ಳಿಯ ಒಂದು ಮನೆ ಕೊಂಡು, ಕಲ್ಲು ಕಲ್ಲಿಗೂ ಗುರುತು ಹಾಕಿಸಿ, ಬಿಚ್ಚಿ, ಹಡಗಿಗೆ ಹೇರಿ ಅಮೆರಿಕದ ಮಿಶಿಗನ್‌ಗೆ ಒಯ್ದ. 1930ರ ಹೊತ್ತಿಗೆ ಅದು ಅಲ್ಲಿ ಎದ್ದು ನಿಂತಿತು, ಈಗಲೂ ಇದೆ. ಕಲ್ಲೆಲ್ಲ ಹೋಯಿತು. ಆ ಮಾಡು ಸೋರಿದರೆ ಹತ್ತಿ ನೋಡುವ ನೆರೆಯವನು ಮಾತ್ರ ಚೆಡ್‌ವರ್ತ್‌ನಲ್ಲೇ ಉಳಿದ.

ಈಗ ಮಾಡಿನ ವಿಷಯ. ದಯವಿಟ್ಟು ಇದಕ್ಕೆ ಸ್ವಲ್ಪ ತಾಳ್ಮೆ ಕೊಡಿ, ಯಾಕೆಂದರೆ ಆ ಊರುಗಳ ಅರ್ಧ ಬುದ್ಧಿ ಮಾಡಿನಲ್ಲೇ ಇದೆ. ಅಲ್ಲಿ ಹಂಚು ಎಂದರೆ ಸುಟ್ಟ ಮಣ್ಣಿನದಲ್ಲ, ಸೀಳಿದ ಸುಣ್ಣದಕಲ್ಲು. ಸ್ಟೋನ್ಸ್‌ಫೀಲ್ಡ್ ಎಂಬಲ್ಲಿ ಇದನ್ನು ಸೀಳುತ್ತಿದ್ದುದು ಉಳಿಯಲ್ಲ, ಚಳಿ. ನೆಲದಡಿಯಿಂದ ತೆಗೆದ ಕಲ್ಲನ್ನು ಚಳಿಗಾಲದಲ್ಲಿ ಬಯಲಲ್ಲಿ ಹರಡಿ ನೀರು ಹಾಕಿ ಒದ್ದೆಯಾಗಿ ಇಡುತ್ತಿದ್ದರು. ಪದರಗಳ ನಡುವಿನ ನೀರು ಹೆಪ್ಪುಗಟ್ಟಿ ಉಬ್ಬಿದಾಗ ಕಲ್ಲು ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಹಿಮ ಬೀಳುವ ಮುಂಚೆ ಕಲ್ಲು ಒಮ್ಮೆ ಒಣಗಿತೋ, ಮುಗಿಯಿತು, ಆಮೇಲೆ ಎಷ್ಟು ನೆನೆಸಿದರೂ ಅದು ಸರಿಯಾಗಿ ಸೀಳುವುದಿಲ್ಲ. ಅದಕ್ಕೇ ಹಿಮ ಬರುವ ತನಕ ಅದರ ಮೇಲೆ ಮಣ್ಣು ಮುಚ್ಚಿ ಹಸಿ ಕಾಯುತ್ತಿದ್ದರು. ಚಳಿ ಸರಿಯಾಗಿ ಬೀಳದ ವರ್ಷ ಹಂಚೂ ಇಲ್ಲ. ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಅಲ್ಲಿ ಆ ಕೆಲಸ ನಿಂತಿತು. ಕಾಲಿವೆಸ್ಟನ್ ಎಂಬ ಇನ್ನೊಂದು ಕಡೆ ಈಚೆಗೆ ಫ್ರೀಜರಿನಲ್ಲಿಟ್ಟು ಸೀಳುತ್ತಿದ್ದಾರೆ.

ಹೊದಿಸುವಾಗ ದೊಡ್ಡ ಕಲ್ಲು ಸೂರಿನ ಕಡೆ, ಚಿಕ್ಕದು ನೆತ್ತಿಯ ಕಡೆ. ಸೂರಿನಲ್ಲಿ ಸುಮಾರು 60 ಸೆಂಟಿಮೀಟರ್ ಉದ್ದದ್ದು, ಮೇಲೆ ಹೋಗುತ್ತ 15 ಸೆಂಟಿಮೀಟರಿಗೆ ಇಳಿಯುತ್ತದೆ. ಇದು ಕಣ್ಣಿಗೆ ಚೆಂದ, ಮಾಡು ಎತ್ತರಕ್ಕೆ ಓಡಿದಂತೆ ಕಾಣುತ್ತದೆ. ಆದರೆ ಹಾಗೆ ಮಾಡಿದ್ದು ಚೆಂದಕ್ಕಲ್ಲ. ಇಡೀ ಮಾಡಿನ ಮಳೆನೀರು ಸೂರಿಗೇ ಬರಬೇಕು, ಅಲ್ಲಿ ಸಂದುಗಳು ಕಡಿಮೆ ಇದ್ದಷ್ಟು ಒಳ್ಳೆಯದು. ಭಾರದ ಕಲ್ಲು ದಪ್ಪ ಗೋಡೆಯ ಹತ್ತಿರವೇ ಕೂರುತ್ತದೆ. ಗಣಿಯಿಂದ ಬಂದ ಚಿಕ್ಕ ಚೂರೂ ವ್ಯರ್ಥವಾಗುವುದಿಲ್ಲ. ಇಂಥ ಮಾಡು ಚದರ ಮೀಟರಿಗೆ ಹತ್ತಿರ ಹತ್ತಿರ 100 ಕಿಲೋ ತೂಗುತ್ತದೆ. ಇಳಿಜಾರು 50 ಡಿಗ್ರಿಯ ಆಸುಪಾಸು, ಯಾಕೆಂದರೆ ಕಲ್ಲು ಒರಟು, ನೀರು ಹೀರುತ್ತದೆ, ಚಪ್ಪಟೆ ಮಾಡಿನಲ್ಲಿ ನೀರು ನಿಂತರೆ ಮುಂದಿನ ಹಿಮಕ್ಕೆ ಅದೇ ಸೀಳಿನ ವಿದ್ಯೆ ಮನೆಯ ಮೇಲೇ ನಡೆದುಬಿಡುತ್ತದೆ.

ಪ್ರತಿ ಹಂಚಿನ ತಲೆಯಲ್ಲಿ ಒಂದು ತೂತು, ತೂತಿನಲ್ಲಿ ಓಕ್ ಮರದ ಪುಟ್ಟ ಗೂಟ, ಆ ಗೂಟ ರೀಪಿಗೆ ಸಿಕ್ಕಿಕೊಂಡು ನೇತಾಡುತ್ತದೆ, ಅಷ್ಟೇ. ಕೆಡುವುದು ಯಾವುದು ಹೇಳಿ? ಕಲ್ಲು ನೂರು ವರ್ಷ ದಾಟಿಯೂ ಗಟ್ಟಿಯಾಗಿರುತ್ತದೆ. ಮೊದಲು ಸೋಲುವುದು ಗೂಟ, ರೀಪು, ಮೊಳೆ. ಬೀದಿಯಿಂದ ನೋಡುವವನಿಗೆ ಕಾಣದ, ಬೆರಳುದ್ದದ ಸಾಮಾನು. ಒಂದು ಹಂಚು ಜಾರಿದ್ದು ಕಂಡಾಗ ಹಂಚನ್ನು ಬಯ್ಯುತ್ತೇವೆ. ತಿಳಿದ ಕೆಲಸಗಾರ ಒಳಗಿನಿಂದ ಅಟ್ಟ ಹತ್ತಿ ಗೂಟ ನೋಡುತ್ತಾನೆ. ಇಡೀ ಮಾಡು ಬಿಚ್ಚಿ ಹೊದಿಸುವಾಗಲೂ ಹಳೆಯ ಕಲ್ಲನ್ನೇ ಅಳತೆವಾರು ವಿಂಗಡಿಸಿ, ಅಂಚು ಪುಡಿಯಾದವನ್ನು ಕತ್ತರಿಸಿ ಒಂದು ಅಳತೆ ಕೆಳಗಿಳಿಸಿ, ಮತ್ತೆ ಬಳಸುತ್ತಾರೆ.

ಹುಲ್ಲಿನ ಮಾಡಿನ ಬಗ್ಗೆ ಒಂದೇ ಮಾತು. ಗೋಧಿ ಹುಲ್ಲಿನ ಮಾಡು ಚೆನ್ನಾಗಿ ಹೊದಿಸಿದರೆ 25ರಿಂದ 40 ವರ್ಷ ಬರುತ್ತದೆ, ನೆತ್ತಿಯ ಭಾಗವನ್ನು ಮಾತ್ರ 10-15 ವರ್ಷಕ್ಕೊಮ್ಮೆ ಹೊಸದು ಮಾಡಬೇಕು. ಆದರೆ ಹೊಸ ಗೋಧಿ ತಳಿಗಳು ಗಿಡ್ಡ, ಕಂಬೈನ್ ಯಂತ್ರ ಹುಲ್ಲನ್ನು ಜಜ್ಜಿಹಾಕುತ್ತದೆ. ಹಾಗಾಗಿ ಮಾಡಿಗೆಂದೇ ಮಾರಿಸ್ ವಿಜನ್‌ನಂಥ ಉದ್ದದ ಹಳೆಯ ತಳಿ ಬಿತ್ತಿ, ಹಳೆಯ ಬೈಂಡರ್ ಯಂತ್ರದಲ್ಲಿ ಕೊಯ್ಯುವ ರೈತರು ಬೇಕು. ಮಾಡು ಉಳಿಯಬೇಕಾದರೆ ಹೊಲವೂ ಉಳಿಯಬೇಕು.

ಗೋಡೆಗೆ ಬರೋಣ. ಈ ಊರುಗಳಲ್ಲಿ ಒಳ್ಳೆಯ ಮನಸ್ಸಿನಿಂದ ಮಾಡಿದ ಹಾನಿ ಎಂದರೆ ಸಿಮೆಂಟು. ಹಳೆಯ ಗೋಡೆಯ ಸಂದುಗಳಲ್ಲಿ ಇದ್ದದ್ದು ಸುಣ್ಣದ ಗಾರೆ. ನಮ್ಮ ಹಳೆಯ ಮನೆ, ಗುಡಿಗಳ ಗಾರೆ ಕೆಲಸ ನೋಡಿದವರಿಗೆ ಇದು ಹೊಸದಲ್ಲ. ಒಂದು ಪಾಲು ಸುಣ್ಣಕ್ಕೆ ಎರಡೂವರೆಯಿಂದ ಮೂರು ಪಾಲು ಚೂಪು ಕಣದ ಮರಳು. ಈ ಗಾರೆ ಕಲ್ಲಿಗಿಂತ ಮೆತ್ತಗೆ. ಗೋಡೆ ಹೀರಿದ ತೇವ ಕಲ್ಲಿನ ಮುಖದಿಂದಲ್ಲ, ಈ ಸಂದುಗಳಿಂದ ಆರಿ ಹೋಗುತ್ತದೆ. ಕಟ್ಟಡ ಒಂದು ಕೂದಲೆಳೆ ಅಲುಗಿದರೆ ಗಾರೆ ಬಾಗಿಕೊಡುತ್ತದೆ. ಐವತ್ತು, ಎಪ್ಪತ್ತು ವರ್ಷಕ್ಕೆ ಉದುರುತ್ತದೆ, ಮತ್ತೆ ತುಂಬುತ್ತೀರಿ. ಉದುರುವುದೇ ಅದರ ಉದ್ಯೋಗ.

ಇಪ್ಪತ್ತನೆಯ ಶತಮಾನದಲ್ಲಿ ಮನೆಯವರು "ಪದೇ ಪದೇ ಯಾಕೆ, ಗಟ್ಟಿಯಾಗಿ ಮಾಡಿಬಿಡೋಣ" ಅಂತ ಸಂದಿಗೆ ಸಿಮೆಂಟು ಮೆತ್ತಿಸಿದರು. ತೇವಕ್ಕೆ ದಾರಿ ಮುಚ್ಚಿತು. ಅದು ಕಲ್ಲಿನ ಮೂಲಕವೇ ಹೊರಬರತೊಡಗಿತು, ಚಳಿಗೆ ಹೆಪ್ಪುಗಟ್ಟಿ ಕಲ್ಲಿನ ಮುಖವನ್ನೇ ಪದರ ಪದರವಾಗಿ ಕಿತ್ತಿತು. ಇವತ್ತೂ ಕೆಲವು ಗೋಡೆಗಳಲ್ಲಿ ಸಿಮೆಂಟಿನ ಗೆರೆಗಳು ಎಲುಬಿನ ಹಾಗೆ ಮುಂದೆ ಚಾಚಿ, ಕಲ್ಲುಗಳು ಸವೆದು ಒಳಗೆ ಕೂತಿರುವುದನ್ನು ನೋಡಬಹುದು. ಸರಿಮಾಡುವುದು ನಿಧಾನದ ಕೆಲಸ. ಸಿಮೆಂಟನ್ನು ಕೈ ಉಳಿಯಿಂದಲೇ ಬಿಡಿಸಬೇಕು, ಗ್ರೈಂಡರ್ ಹಾಕಿದರೆ ಕಲ್ಲಿನ ಅಂಚು ಹೋಗುತ್ತದೆ. ಸಂದಿನ ಅಗಲದ ಎರಡರಷ್ಟು ಆಳಕ್ಕಾದರೂ ಕೆದರಬೇಕು, ದೂಳು ತೆಗೆದು ನೀರು ಚಿಮುಕಿಸಬೇಕು, ಗಾರೆ ಒತ್ತಿ ತುಂಬಬೇಕು, ಒದ್ದೆ ಗೋಣಿತಾಟು ಇಳಿಬಿಟ್ಟು ಕೆಲವು ದಿನ ಕಾಯಬೇಕು. ಬೇಗ ಒಣಗಿದರೆ ಗಾರೆ ಪುಡಿ, 5 ಡಿಗ್ರಿಗಿಂತ ಕೆಳಗೆ ಹಾಕಿದರೆ ಹಿಮಕ್ಕೆ ಬಲಿ. ಸಂಸಾರದಲ್ಲಿ, ಸಂಘಸಂಸ್ಥೆಗಳಲ್ಲಿ ಗಾರೆಯ ಹಾಗೆ ಮೊದಲು ಸವೆಯುವವರನ್ನು ನಾವು ದುರ್ಬಲರು ಅನ್ನುತ್ತೇವೆ. ಅವರನ್ನು ತೆಗೆದು ಅಲ್ಲಿ ಸಿಮೆಂಟು ಹಾಕಿದ ಮೇಲೆ ಏನಾಯಿತು ಅಂತ ನಿಮ್ಮ ನಿಮ್ಮ ಅನುಭವಕ್ಕೇ ಬಿಡುತ್ತೇನೆ.

ಕೆಲಸದ ಮಾತಾಯಿತು, ಈಗ ಕಟ್ಟುಪಾಡಿನ ಮಾತು. ಇದಕ್ಕೆ ಕಾಟ್ಸ್‌ವಲ್ಡ್ಸ್ ಬಿಟ್ಟು ನಾಟಿಂಗಮ್‌ಶೈರಿಗೆ ಹೋಗಬೇಕು. ಲ್ಯಾಕ್ಸ್‌ಟನ್ ಎಂಬ ಊರು. ನೋಡಲು ಅಂಥ ಬೆರಗೇನಿಲ್ಲ, ಟೂರಿಸ್ಟ್ ಬಸ್ಸೂ ಅಷ್ಟಾಗಿ ನಿಲ್ಲುವುದಿಲ್ಲ. ಆದರೆ ಮಧ್ಯಯುಗದ ಬಯಲು ಬೇಸಾಯ ಇಂಗ್ಲೆಂಡಿನಲ್ಲಿ ಇನ್ನೂ ನಡೆಯುತ್ತಿರುವುದು ಇಲ್ಲಿ. ಊರಿಗೆ ಮೂರು ದೊಡ್ಡ ಬಯಲು: ಪಶ್ಚಿಮದ ಬಯಲು, ಗಿರಣಿ ಬಯಲು, ದಕ್ಷಿಣದ ಬಯಲು. ಒಬ್ಬೊಬ್ಬ ರೈತನಿಗೂ ಮೂರರಲ್ಲೂ ಅಲ್ಲಲ್ಲಿ ಪಟ್ಟಿಗಳು. ಒಂದು ಬಯಲಿಗೆ ಚಳಿಗಾಲದ ಗೋಧಿ, ಇನ್ನೊಂದಕ್ಕೆ ವಸಂತದ ಬೆಳೆ, ಮೂರನೆಯದು ಬೀಳು. ಮುಂದಿನ ವರ್ಷ ಒಂದೊಂದು ಹೆಜ್ಜೆ ಸರಿಯುತ್ತದೆ. 1635ರಲ್ಲಿ ಬರೆದ ಊರಿನ ನಕ್ಷೆಯಲ್ಲಿ ಈ ಪಟ್ಟಿಗಳನ್ನೆಲ್ಲ ಗುರುತಿಸಿದ್ದಾರೆ. ಒಬ್ಬನಿಗೇ ಎರೆಭೂಮಿ, ಇನ್ನೊಬ್ಬನಿಗೇ ಕಲ್ಲುನೆಲ ಎಂದಾಗಬಾರದು ಎಂಬುದು ಈ ಹಂಚಿಕೆಯ ತರ್ಕ.

ನಡುವೆ ಬೇಲಿಯಿಲ್ಲ. ಬೇಲಿಯಿಲ್ಲ ಅಂದ ಮೇಲೆ ಏನಾಗುತ್ತದೆ ಅಂತ ನಮ್ಮಲ್ಲಿ ಹೊಲ ಇರುವ ಯಾರನ್ನು ಕೇಳಿದರೂ ಹೇಳುತ್ತಾರೆ: ಬದು ಒತ್ತುವರಿ. ಪ್ರತಿ ವರ್ಷ ನೇಗಿಲು ಒಂದು ಗೇಣು ಆಚೆ ಹೋಗುತ್ತದೆ. ಲ್ಯಾಕ್ಸ್‌ಟನ್‌ನವರು ದೇವತೆಗಳೇನಲ್ಲ, ಅಲ್ಲೂ ಹೋಗುತ್ತದೆ. ಅದಕ್ಕೇ ನವೆಂಬರ್ ಕೊನೆಯಲ್ಲಿ ಊರಿನವರದೇ ಒಂದು ಪಂಚಾಯ್ತಿ, ಆ ವರ್ಷ ಗೋಧಿ ಬಿತ್ತಿದ ಬಯಲಿಗೆ ಹೊರಡುತ್ತದೆ. ಗಡಿಗೂಟಗಳನ್ನು ನೋಡುತ್ತಾರೆ, ಬೇಕಾದಲ್ಲಿ ಹೊಸದು ಹೊಡೆಯುತ್ತಾರೆ, ಯಾರು ದಾರಿಯನ್ನೋ ಸಾಮೂಹಿಕ ಹುಲ್ಲುಪಟ್ಟಿಯನ್ನೋ ಉತ್ತಿದ್ದಾರೆ ಅಂತ ಬರೆದುಕೊಳ್ಳುತ್ತಾರೆ. ಒಂದು ವಾರದ ಮೇಲೆ ಊರಿನ ಡವ್‌ಕೋಟ್ ಇನ್ ಎಂಬ ಪಬ್ಬಿನಲ್ಲಿ ಕೋರ್ಟ್ ಲೀಟ್ ಎಂಬ ನ್ಯಾಯಸಭೆ. ತಪ್ಪಿಗೆ ದಂಡ ಕೆಲವೇ ಪೌಂಡು. ಮುಂದಿನ ವರ್ಷದ ಪಂಚರು ಅಲ್ಲೇ ಪ್ರಮಾಣ ಮಾಡುತ್ತಾರೆ. 1977ರಲ್ಲಿ ಬಂದ ಕಾನೂನು ಇಂಥ ಹಳೆಯ ನ್ಯಾಯಸಭೆಗಳ ಅಧಿಕಾರವನ್ನು ಹೆಚ್ಚುಕಡಿಮೆ ಎಲ್ಲ ಕಡೆ ತೆಗೆದುಹಾಕಿದಾಗಲೂ ಲ್ಯಾಕ್ಸ್‌ಟನ್ನಿನದನ್ನು ಉಳಿಸಿತು.

ಇದರಲ್ಲಿ ಗಮನಿಸಬೇಕಾದದ್ದು ದಂಡದ ಮೊತ್ತವಲ್ಲ. ತಪಾಸಣೆ ಪ್ರತಿ ವರ್ಷ, ಜಗಳ ಇರಲಿ ಬಿಡಲಿ. ಈ ಸಲ ಗೂಟ ಹಿಡಿದವನು ಇನ್ನೊಂದು ಸಲ ತಾನೇ ದಂಡ ಕಟ್ಟಿಯಾನು. ನಾವು ಬದುವಿನ ಜಗಳವನ್ನು ಹತ್ತು ವರ್ಷ ನುಂಗಿಕೊಂಡಿದ್ದು, ಆಮೇಲೆ ಸಿವಿಲ್ ಕೋರ್ಟಿಗೆ ಹೋಗಿ ಇಪ್ಪತ್ತು ವರ್ಷ ಅಲೆಯುತ್ತೇವೆ. ಅವರು ಒಂದು ಗೇಣಿರುವಾಗಲೇ ಮುಗಿಸುತ್ತಾರೆ, ಅದೂ ಬಿಯರ್ ಸಿಗುವ ಜಾಗದಲ್ಲಿ.

ಊರು ಒಟ್ಟಾಗಿ ತೀರ್ಮಾನಿಸುವುದು ಎಷ್ಟು ದುಬಾರಿಯಾಗಬಹುದು ಎಂಬುದಕ್ಕೆ ಡರ್ಬಿಶೈರಿನ ಈಮ್ ಸಾಕ್ಷಿ. 1665ರಲ್ಲಿ ಲಂಡನ್ನಿನಿಂದ ದರ್ಜಿಗೆ ಬಂದ ಬಟ್ಟೆಯ ಗಂಟಿನೊಂದಿಗೆ ಪ್ಲೇಗು ಬಂತು ಎನ್ನುತ್ತಾರೆ. ಬಟ್ಟೆ ಬಿಚ್ಚಿ ಒಣಹಾಕಿದ ಜಾರ್ಜ್ ವಿಕರ್ಸ್ ಸೆಪ್ಟೆಂಬರಿನಲ್ಲಿ ಸತ್ತ. ಮುಂದಿನ ಬೇಸಿಗೆಯಲ್ಲಿ ಸಾವು ಮತ್ತೆ ಏರಿದಾಗ ಊರಿಗೆ ಊರೇ ಗಡಿ ಹಾಕಿಕೊಂಡಿತು: ಒಳಗಿನವರು ಹೊರಗೆ ಹೋಗುವಂತಿಲ್ಲ. ಪಾದ್ರಿ ವಿಲಿಯಂ ಮೊಂಪೆಸನ್ ಊರಿಗೆ ಹೊಸಬ, ಜನಕ್ಕೆ ಅವನ ಮೇಲೆ ನಂಬಿಕೆ ಕಡಿಮೆ. ಅವನಿಗಿಂತ ಮುಂಚೆ ಅದೇ ಚರ್ಚಿನಲ್ಲಿದ್ದು, ಧಾರ್ಮಿಕ ಭಿನ್ನಾಭಿಪ್ರಾಯದಿಂದ ಸ್ಥಾನ ಕಳೆದುಕೊಂಡ ಥಾಮಸ್ ಸ್ಟ್ಯಾನ್ಲಿ ಜನರಿಗೆ ಬೇಕಾದವನು. ಒಬ್ಬರನ್ನೊಬ್ಬರು ಒಪ್ಪದ ಈ ಇಬ್ಬರು ಒಟ್ಟಿಗೆ ನಿಂತದ್ದರಿಂದಲೇ ಊರು ಒಪ್ಪಿತು.

ಏರ್ಪಾಡು ನೋಡಿ. ಗಡಿಯ ಬಂಡೆಯೊಂದರಲ್ಲಿ ಕುಳಿ ಕೊರೆದು, ಕುಳಿಯಲ್ಲಿ ವಿನಿಗರ್ ತುಂಬಿ, ಅದರಲ್ಲಿ ನಾಣ್ಯ ಹಾಕಿಡುತ್ತಿದ್ದರು. ಹೊರಗಿನವರು ದವಸ ಇಟ್ಟು ನಾಣ್ಯ ಒಯ್ಯುತ್ತಿದ್ದರು. ಚಾಟ್ಸ್‌ವರ್ತ್‌ನಲ್ಲಿದ್ದ ಡೆವನ್‌ಶೈರಿನ ಅರ್ಲ್ ಆಹಾರ ಕಳಿಸಿದ. ಚರ್ಚು ಮುಚ್ಚಿ ಪ್ರಾರ್ಥನೆಯನ್ನು ಕಣಿವೆಯ ಬಯಲಿಗೆ ತಂದರು, ಮನೆಮನೆಯವರು ದೂರ ದೂರ ನಿಂತರು. ತಮ್ಮವರನ್ನು ತಾವೇ ಹೂಳಬೇಕು. ಎಲಿಜಬೆತ್ ಹ್ಯಾನ್‌ಕಾಕ್ ಎಂಬಾಕೆ ಎಂಟು ದಿನಗಳಲ್ಲಿ ಗಂಡನನ್ನೂ ಆರು ಮಕ್ಕಳನ್ನೂ ಹೂತಳು, ಆ ಸಮಾಧಿಗಳು ಗುಡ್ಡದ ಮೇಲೆ ಈಗಲೂ ಇವೆ. ಮೊಂಪೆಸನ್‌ನ ಹೆಂಡತಿ ಕ್ಯಾಥರೀನ್ ಆಗಸ್ಟಿನಲ್ಲಿ ತೀರಿಕೊಂಡಳು. ಹದಿನಾಲ್ಕು ತಿಂಗಳಲ್ಲಿ ಸತ್ತವರು 260. ಇದನ್ನು ಶುದ್ಧ ವೀರಗಾಥೆಯಾಗಿ ಹೇಳುವವರಿದ್ದಾರೆ. ಆದರೆ ಗಡಿ ಹಾಕುವ ಮೊದಲೇ ಪಾದ್ರಿಯ ಮಕ್ಕಳು ಊರಾಚೆಗೆ ಹೋಗಿದ್ದರು, ಅನುಕೂಲಸ್ಥರು ಕೆಲವರು ಹೊರಟುಹೋಗಿದ್ದರು. ರೋಗ ಹೇಗೆ ಹರಡುತ್ತದೆಂಬುದೂ ಆಗ ಯಾರಿಗೂ ಗೊತ್ತಿರಲಿಲ್ಲ. ಅಷ್ಟೆಲ್ಲದರ ನಡುವೆ ಆ ಗಡಿ ನಿಂತಿತು ಎನ್ನುವುದೇ ದೊಡ್ಡದು.

ಇನ್ನು ಹಣ. ಇಲ್ಲಿ ನಮ್ಮ ದೇಶದ ಸಂಬಂಧವೇ ಬರುತ್ತದೆ. ಆಕ್ಸ್‌ಫರ್ಡ್‌ಶೈರಿನಲ್ಲಿ ಸ್ಟೋಕ್ ರೋ ಎಂಬ ಹಳ್ಳಿ. ಕೆಳಗೆ ಸೀಮೆಸುಣ್ಣದ ಗುಡ್ಡ, ಬಿದ್ದ ಮಳೆಯೆಲ್ಲ ಪಾತಾಳಕ್ಕೆ. ಬೇಸಿಗೆಯಲ್ಲಿ ಹೊಂಡದ ಕೊಳಕು ನೀರೇ ಗತಿ. ಆ ಭಾಗದ ಎಡ್ವರ್ಡ್ ರೀಡ್ ಭಾರತದಲ್ಲಿ ಅಧಿಕಾರಿಯಾಗಿದ್ದಾಗ ಈ ಬವಣೆಯನ್ನು ಕಾಶಿಯ ಮಹಾರಾಜರಿಗೆ ಹೇಳಿದ್ದ. ಮಹಾರಾಜರು ನೆನಪಿಟ್ಟುಕೊಂಡು ಆ ಇಂಗ್ಲಿಷ್ ಹಳ್ಳಿಗೆ ಬಾವಿ ತೋಡಿಸಿಕೊಟ್ಟರು. 1864ರಲ್ಲಿ ಮುಗಿಯಿತು. ಅಗಲ 4 ಅಡಿ, ಆಳ 368 ಅಡಿ, ಪೂರ್ತಿ ಕೈಯಲ್ಲೇ ತೋಡಿದ್ದು. ಮೇಲೆ ಗುಮ್ಮಟ, ಒಳಗೆ ಕಬ್ಬಿಣದ ಆನೆಯ ಬೊಂಬೆ.

ಎಲ್ಲರೂ ಗುಮ್ಮಟದ ಫೋಟೋ ತೆಗೆಯುತ್ತಾರೆ. ನೀವು ಪಕ್ಕದ ಜಾಗ ನೋಡಿ. ಬಾವಿಯ ಜತೆಗೆ ಅಲ್ಲೊಂದು ಚೆರಿ ತೋಟ ಹಾಕಿಸಿದ್ದರು, ಹೆಸರು ಈಶ್ರೀ ಬಾಗ್. ಹಣ್ಣು ಮಾರಿದ ದುಡ್ಡಿನಲ್ಲಿ ಬಾವಿಯ ಖರ್ಚು ನಡೆಯಬೇಕು. ನೋಡಿಕೊಳ್ಳುವವನಿಗೆ ಅಲ್ಲೇ ಪುಟ್ಟ ಮನೆ. ಊರಿನವರಿಗೆ ನೀರು ಉಚಿತ. ದಾನ ಕೊಡುವವರು ಕಲ್ಲಿನ ಮೇಲೆ ಹೆಸರು ಕೆತ್ತಿಸಿ ಹೋಗುವುದು ಎಲ್ಲ ಕಡೆಯೂ ಉಂಟು. ಹಗ್ಗ ಸವೆದಾಗ ಹೊಸ ಹಗ್ಗ ಎಲ್ಲಿಂದ ಬರುತ್ತದೆ ಅಂತ ಯೋಚಿಸಿ ಮರ ನೆಡಿಸುವವರು ಅಪರೂಪ.

ಲೆಕ್ಕದ ಇನ್ನೊಂದು ಬದಿಯನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಕಾಟ್ಸ್‌ವಲ್ಡ್ಸ್‌ನಲ್ಲೇ ಸೆಜಿನ್‌ಕೋಟ್ ಎಂಬ ಬಂಗಲೆ ಇದೆ. 1805ರ ಸುಮಾರಿಗೆ, ಈಸ್ಟ್ ಇಂಡಿಯಾ ಕಂಪನಿಯಲ್ಲಿ ದುಡ್ಡು ಮಾಡಿ ಬಂದ ಚಾರ್ಲ್ಸ್ ಕಾಕೆರೆಲ್‌ಗಾಗಿ ಮೊಗಲ್ ಶೈಲಿಯಲ್ಲಿ ಕಟ್ಟಿದ್ದು. ತೋಟದಲ್ಲಿ ಸೂರ್ಯನ ಗುಡಿ, ಸೇತುವೆಯ ಮೇಲೆ ನಮ್ಮ ನಂದಿ. ನಂದಿಯ ಮುಖ ನೋಡಿ ಖುಷಿಪಡುವವರು ಆ ದುಡ್ಡಿನ ಮೂಲವನ್ನೂ ಒಮ್ಮೆ ನೆನೆಯಬೇಕು.

ಈಗಿನ ಹಳ್ಳಿಗಳ ಕಷ್ಟ ಬೇರೆ. ಮನೆಗಳನ್ನು ನಗರದ ಶ್ರೀಮಂತರು ವಾರಾಂತ್ಯಕ್ಕೆಂದು ಕೊಳ್ಳುತ್ತಾರೆ, ಬೆಲೆ ಏರುತ್ತದೆ, ಅಲ್ಲೇ ಹುಟ್ಟಿದ ಮಕ್ಕಳಿಗೆ ಮನೆ ದಕ್ಕುವುದಿಲ್ಲ. ಚಳಿಗಾಲದ ಸಂಜೆ ಅರ್ಧ ಬೀದಿಯಲ್ಲಿ ದೀಪವಿಲ್ಲ. 2025ರ ಏಪ್ರಿಲ್‌ನಿಂದ ಇಂಥ ಎರಡನೇ ಮನೆಗಳಿಗೆ ದುಪ್ಪಟ್ಟು ತೆರಿಗೆ ಹಾಕುವ ಅಧಿಕಾರ ಸ್ಥಳೀಯ ಕೌನ್ಸಿಲ್‌ಗಳಿಗೆ ಸಿಕ್ಕಿದೆ. ಅಂಗಡಿ, ಪಬ್ಬು ಮುಚ್ಚಿದರೆ ಊರು ಬರೀ ಫೋಟೋ ಆಗುತ್ತದೆ. ಅದಕ್ಕೆ 2011ರ ಲೋಕಲಿಸಂ ಕಾಯ್ದೆಯಲ್ಲಿ ಒಂದು ದಾರಿ ಮಾಡಿದರು. ಕನಿಷ್ಠ 21 ಮಂದಿ ಊರಿನವರು ಸೇರಿ, ಅಥವಾ ನಮ್ಮ ಗ್ರಾಮ ಪಂಚಾಯ್ತಿಯಂಥ ಪ್ಯಾರಿಶ್ ಕೌನ್ಸಿಲ್ ಮೂಲಕ, ಪಬ್ಬನ್ನೋ ಅಂಗಡಿಯನ್ನೋ ಊರಿಗೆ ಬೇಕಾದ ಆಸ್ತಿ ಅಂತ ಪಟ್ಟಿಗೆ ಸೇರಿಸಬಹುದು. ಒಡೆಯ ಮಾರಲು ಹೊರಟರೆ ಊರಿಗೆ ಆರು ವಾರ ಸಮಯ, ಕೊಳ್ಳುವ ಇರಾದೆ ತಿಳಿಸಿದರೆ ಒಟ್ಟು ಆರು ತಿಂಗಳು. ಆ ಆರು ತಿಂಗಳಲ್ಲಿ ಷೇರು ಮಾರಿ ಹಣ ಕೂಡಿಸುತ್ತಾರೆ. ಎಷ್ಟೇ ಷೇರು ಕೊಂಡರೂ ಒಬ್ಬರಿಗೆ ಒಂದೇ ಮತ. ಎಡವುವುದು ಎಲ್ಲಿ ಅಂದರೆ, ಒಡೆಯ ಊರಿಗೇ ಮಾರಬೇಕೆಂದು ಆ ಕಾಯ್ದೆ ಹೇಳುವುದಿಲ್ಲ. ಅಂಗಡಿ ಕೈಗೆ ಬಂದ ಮೇಲೆ ಷೇರು ಕೊಂಡವರೇ ಸೂಪರ್‌ಮಾರ್ಕೆಟ್ಟಿಗೆ ಕಾರು ಓಡಿಸಿದರೆ ಯಾವ ಕಾಯ್ದೆಯೂ ಕಾಯುವುದಿಲ್ಲ.

ಹೋಗುವವರಿಗೆ ಎರಡು ಮಾತು. ಬೈಬರಿಯಲ್ಲಿ ಇರುವವರು ಕೆಲವೇ ನೂರು ಮಂದಿ, ರಸ್ತೆ ಕಿರಿದು, ಬೇಸಿಗೆಯಲ್ಲಿ ಬಸ್ಸುಗಳ ಕಾಟಕ್ಕೆ ಊರು ರೋಸಿಹೋಗಿದೆ. ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದಿಂದ ಮೋರ್ಟನ್-ಇನ್-ಮಾರ್ಷ್‌ಗೆ ರೈಲಿನಲ್ಲಿ ಒಂದೂವರೆ ಗಂಟೆಯ ದಾರಿ, ಮಂಗಳವಾರ ಅಲ್ಲಿ ಸಂತೆ. ಭಾನುವಾರ ಹಳ್ಳಿ ಬಸ್ಸು ಕಡಿಮೆ ಎಂಬುದು ನೆನಪಿರಲಿ. ಇಳಿದ ಮೇಲೆ ನಡೆಯಿರಿ. ಇಂಗ್ಲೆಂಡು ಮತ್ತು ವೇಲ್ಸ್‌ನಲ್ಲಿ ಸುಮಾರು 2,25,000 ಕಿಲೋಮೀಟರ್ ಸಾರ್ವಜನಿಕ ಹಾದಿಗಳಿವೆ, ಬಹಳಷ್ಟು ಖಾಸಗಿ ಹೊಲಗಳ ನಡುವೆಯೇ ಹಾಯುತ್ತವೆ. ಹಳದಿ ಬಾಣ ನಡೆಯುವವರಿಗೆ, ನೀಲಿ ಬಾಣ ಕುದುರೆ ಮತ್ತು ಸೈಕಲ್ಲಿಗೂ ಸೇರಿ. ಹೊಲದ ಮಧ್ಯೆ ಹಾಯುವ ಕಾಲುಹಾದಿಯನ್ನು ರೈತ ಬಿತ್ತನೆಗಾಗಿ ಉತ್ತರೆ 14 ದಿನದೊಳಗೆ ಕನಿಷ್ಠ ಒಂದು ಮೀಟರ್ ಅಗಲಕ್ಕೆ ಮತ್ತೆ ತುಳಿದು ಸರಿಮಾಡಿಕೊಡಬೇಕು. ಬೆಳೆ ನಿಂತಿದ್ದರೂ ಹಾದಿ ಅಲ್ಲೇ, ಅದರ ನಡುವೆಯೇ ಸಾಲಾಗಿ ಹೋಗಿ. ಸುತ್ತುಹಾಕಲು ಹೋದರೆ ಹಾದಿಯಿಲ್ಲದ ಕಡೆ ಬೆಳೆ ತುಳಿದಂತಾಗುತ್ತದೆ.

ಗೇಟು ಸಿಕ್ಕರೆ ನಮ್ಮ ಕೈ ತಾನಾಗಿ ಅದನ್ನು ಮುಚ್ಚಲು ಹೋಗುತ್ತದೆ, ಸಭ್ಯತೆ ಅಂತ. ಅಲ್ಲಿನ ನಿಯಮ ಅದಲ್ಲ. ಮುಚ್ಚಿದ್ದರೆ ದಾಟಿ ಮುಚ್ಚಿ, ತೆರೆದು ಕಟ್ಟಿದ್ದರೆ ತೆರೆದೇ ಬಿಡಿ. ಕುರಿಗಳು ನೀರಿಗೆ ಹೋಗುವ ದಾರಿ ಅದೇ ಆಗಿರಬಹುದು.